ಗಾಡಿಯೊಳಗಿನ ಬಣ್ಣ

ನಮ್ಮ ಕೋಸಗಿ ಕಡೆ ಯಾರಾದರೂ ಹೊಸ ಕಾರು ತಂದರೆ ಮೊದಲು ಕೇಳುವ ಮಾತು ‘ಎಷ್ಟಾಯ್ತು?’ ಎಂದು. ಆಮೇಲಿನದು ‘ಎಷ್ಟು ಕೊಡ್ತೈತಿ?’, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರು ಎಂದು. ಬಣ್ಣದ ಮಾತು ಬಂದರೂ ಅದು ಹೊರಗಿನ ಬಣ್ಣದ್ದೇ. ಬಿಳಿ ತಂದಿರಾ, ಒಳ್ಳೇದಾಯ್ತು. ಕರಿ ತಂದಿರಾ, ಅದ್ಯಾಕೆ ಬೇಕಾಗಿತ್ತು. ಇಷ್ಟು ಹೇಳಿ ಮುಗಿಸಿ ಹಿರಿಯರು ಟೈರಿನ ಕೆಳಗೆ ನಿಂಬೆಹಣ್ಣು ಇಡಿಸುತ್ತಾರೆ, ಗಾಡಿ ಉರುಕುಂದ ಈರಣ್ಣನ ಗುಡಿಗೋ ಮಂತ್ರಾಲಯಕ್ಕೋ ಹೊರಡುತ್ತದೆ. ಒಳಗೆ ಯಾವ ಬಣ್ಣ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಸೋಜಿಗವೆಂದರೆ, ಹೊರಗೆ ಕರಿ ಬೇಡವೇ ಬೇಡ ಎಂದು ಹಟ ಹಿಡಿದವರೇ ಒಳಗೆ ಸೀಟು, ಬಾಗಿಲು, ಕಾರ್ಪೆಟ್ಟು ಎಲ್ಲ ಕಡುಗಪ್ಪು ಇರುವ ಗಾಡಿಯನ್ನು ಖುಷಿಯಿಂದ ಮನೆಗೆ ತಂದಿರುತ್ತಾರೆ. ದಿನವೂ ಕೂಡುವುದು ಅಲ್ಲಿ. ಬೆನ್ನು ಸುಡುವುದೂ ಅಲ್ಲಿಯೇ.

ಇವತ್ತಿನ ನನ್ನ ಮಾತು ಈ ಒಳಗಿನ ಬಣ್ಣದ ಬಗ್ಗೆ. ಕಾರಿದ್ದವರಿಗೆ ಮಾತ್ರ ಸಂಬಂಧಪಟ್ಟದ್ದು ಎಂದು ರೇಡಿಯೊ ಆರಿಸಬೇಡಿ. ಆದೋನಿಯಿಂದ ಕೋಸಗಿಗೆ ಕ್ರೂಸರ್ ಜೀಪಿನಲ್ಲಿ ಹತ್ತು ಹದಿನೈದು ಮಂದಿಯ ನಡುವೆ ಕೂತು ಬಂದವರಿಗೆ ಬಿಸಿಯಾದ ರೆಕ್ಸಿನ್ ಸೀಟು ಅಂದರೆ ಏನೆಂದು ಕಾರಿನವರಿಗಿಂತ ಚೆನ್ನಾಗಿ ಗೊತ್ತು.

ಬಣ್ಣ ಆರಿಸುವುದು ರುಚಿಯ ವಿಷಯ, ಅವರವರ ಇಷ್ಟ ಎಂದು ಹೇಳುವುದು ರೂಢಿ. ನಾನು ಒಪ್ಪುವುದಿಲ್ಲ. ಮನೆಯ ಗೋಡೆಗೆ ಆ ಮಾತು ಸರಿ. ಗಾಡಿಯ ಒಳಗೆ ಬಣ್ಣವನ್ನು ನಿರ್ಧರಿಸಬೇಕಾದದ್ದು ಊರಿನ ಬಿಸಿಲು, ಊರಿನ ಮಣ್ಣು ಮತ್ತು ಆ ಗಾಡಿ ಯಾವ ದಾರಿಯಲ್ಲಿ ಓಡಾಡುತ್ತದೆ ಅನ್ನುವುದು. ನಮ್ಮ ತೊಂದರೆ ಏನೆಂದರೆ, ಕಾರಿನ ಬಣ್ಣವನ್ನು ನಾವು ಆರಿಸುವುದು ಕರ್ನೂಲಿನಲ್ಲೋ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಇರುವ ಶೋರೂಮಿನ ತಣ್ಣನೆಯ ಗಾಜಿನ ಮನೆಯೊಳಗೆ. ಅಲ್ಲಿ ಬಿಸಿಲಿಲ್ಲ, ಧೂಳಿಲ್ಲ, ಎರೆಮಣ್ಣು ಮೆತ್ತಿದ ಚಪ್ಪಲಿ ಇಲ್ಲ, ಎಣ್ಣೆ ಹಚ್ಚಿದ ತಲೆ ಇಲ್ಲ. ಮೇಲೆ ಸಾಲು ದೀಪ. ಆ ಬೆಳಕಿನಲ್ಲಿ ಕರಿ ಬಣ್ಣ ರಾಜನ ಹಾಗೆ ಕಾಣುತ್ತದೆ, ಬಿಸ್ಕತ್ತಿನ ಬಣ್ಣ ರಾಣಿಯ ಹಾಗೆ.

ಈ ಬಿಸ್ಕತ್ತಿನ ಬಣ್ಣಕ್ಕೆ ಕಂಪನಿಯವರು ಬೀಜ್ ಅನ್ನುತ್ತಾರೆ. ನಮ್ಮ ಮೆಕ್ಯಾನಿಕ್ಕುಗಳು ಕ್ರೀಮ್ ಕಲರ್ ಅನ್ನುತ್ತಾರೆ. ಈಗ ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ದೇಶದಲ್ಲಿ ಒಳಗೆ ಬೀಜ್ ಇದ್ದರೆ ದೊಡ್ಡ ಕಾರು, ಮನೆತನದವರ ಕಾರು ಎಂಬ ಲೆಕ್ಕವಿತ್ತು. ಮಾರುತಿಯವರದೇ ಎರಡು ಗಾಡಿ ನೋಡಿ. ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಬಂದ ಅಣ್ಣತಮ್ಮಂದಿರು. ಸ್ವಿಫ್ಟಿಗೆ ಕರಿ ಒಳಾಂಗ, ಹಿಂದೆ ಡಿಕ್ಕಿ ಸೇರಿಸಿದ ಡಿಸೈರಿಗೆ ಬೀಜ್ ಒಳಾಂಗ. ಒಂದನ್ನು ಮದುವೆಯಾಗದ ಹುಡುಗನಿಗೆ, ಇನ್ನೊಂದನ್ನು ಸಂಸಾರಸ್ಥನಿಗೆ ಮಾರಿದರು. ಆಮೇಲೆ ಗಾಳಿ ತಿರುಗಿತು. 2019ರಲ್ಲಿ ಟಾಟಾದವರು ಹ್ಯಾರಿಯರ್ ಗಾಡಿಯನ್ನು ಹೊರಗೂ ಕರಿ, ಒಳಗೂ ಕರಿ ಮಾಡಿ ‘ಡಾರ್ಕ್’ ಎಂದು ಹೆಸರಿಟ್ಟು ಬಿಟ್ಟರು. ಅದು ನಡೆಯಿತು. ಬೇರೆಯವರೂ ಹಿಂದೆ ಬಂದರು. ಅದೇ 2019ರ ಆಗಸ್ಟಿನಲ್ಲಿ ನಮ್ಮ ರಾಯಲಸೀಮೆಯ ಪೆನುಕೊಂಡದ ಹತ್ತಿರ, ಯೆರ್ರಮಂಚಿಯ ಕಾರ್ಖಾನೆಯಲ್ಲಿ ತಯಾರಾದ ಕಿಯಾ ಸೆಲ್ಟೋಸ್ ಮಾರುಕಟ್ಟೆಗೆ ಬಂತು. ಆ ಗಾಡಿಯಲ್ಲಿ ಕರಿಯ ಜೊತೆ ಬೀಜ್ ಸೇರಿಸಿದ ಜೋಡಿ ಬಣ್ಣವೂ ಇತ್ತು, ಹುಡುಗರಿಗೆ ಪ್ರಿಯವಾದ ಪೂರಾ ಕರಿಯೂ ಇತ್ತು. ಕಾರ್ಖಾನೆ ನಮ್ಮ ಸೀಮೆಯದೇ ಆದರೂ ಬಣ್ಣದ ಯೋಚನೆ ನಮ್ಮ ಸೀಮೆಯ ಬಿಸಿಲನ್ನು ಕೇಳಿ ಮಾಡಿದ್ದಲ್ಲ. ಒಂದೇ ಗಾಡಿ ನೂರು ದೇಶಕ್ಕೆ ಹೋಗಬೇಕಲ್ಲ.

ಇನ್ನೊಂದು ಸಂಗತಿ ಇದಕ್ಕೂ ಮುಂಚೆ ನಡೆದಿತ್ತು, ಅದನ್ನು ನಾವು ಬಣ್ಣದ ಜೊತೆ ಸೇರಿಸಿ ಯೋಚಿಸುವುದಿಲ್ಲ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಕರಿ ಫಿಲ್ಮ್ ಅಂಟಿಸುವುದನ್ನು ನಿಲ್ಲಿಸಿತು. ಮುಂದಿನ ಮತ್ತು ಹಿಂದಿನ ಗಾಜು ಶೇಕಡಾ 70ರಷ್ಟು, ಬದಿಯ ಗಾಜು ಶೇಕಡಾ 50ರಷ್ಟು ಬೆಳಕನ್ನು ಒಳಗೆ ಬಿಡಲೇಬೇಕು ಎಂಬುದು ನಿಯಮ. ಅದಕ್ಕೆ ಮುಂಚೆ ಆದೋನಿಯ ಮಂಡಿ ದಲ್ಲಾಳಿಗಳ ಕಾರುಗಳು ನಿಮಗೆ ನೆನಪಿರಬಹುದು. ಗಾಜಿನೊಳಗೆ ಯಾರಿದ್ದಾರೆ, ಯಾವ ಬಣ್ಣವಿದೆ, ಏನೂ ಕಾಣುತ್ತಿರಲಿಲ್ಲ. ಫಿಲ್ಮ್ ಕಿತ್ತ ಮೇಲೆ ಒಳಗಿನ ಬಣ್ಣ ಬೀದಿಗೆ ಬಿತ್ತು, ಬಿಸಿಲು ನೇರ ಸೀಟಿನ ಮೇಲೆ ಬಿತ್ತು. ಆಮೇಲಿನ ವರ್ಷಗಳಲ್ಲೇ ಕಂಪನಿಗಳು ಒಳಗನ್ನು ಹೆಚ್ಚು ಹೆಚ್ಚು ಕರಿ ಮಾಡುತ್ತ ಬಂದವು. ಬಿಸಿಲು ಕಾಯುವ ನಮ್ಮ ಸೀಮೆಗೆ ಇದಕ್ಕಿಂತ ತಿರುಗಾಮುರುಗಾ ಇನ್ನೇನು ಬೇಕು?

ಬಿಸಿಲು ಒಳಗೆ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. ಸೂರ್ಯನ ಬೆಳಕು ಗಾಜನ್ನು ದಾಟಿ ಒಳಗೆ ಬರುತ್ತದೆ. ಡ್ಯಾಶ್‌ಬೋರ್ಡು, ಸೀಟು, ಸ್ಟೀರಿಂಗು ಅದನ್ನು ಕುಡಿದು ಕಾಯುತ್ತವೆ. ಕಾದ ವಸ್ತು ತಾನೂ ಶಾಖವನ್ನು ಹೊರಗೆ ಬಿಡುತ್ತದೆ. ಆದರೆ ಆ ಶಾಖ ಬೇರೆ ಜಾತಿಯದು, ಉದ್ದ ಅಲೆಯದು. ಬಂದ ಗಾಜಿನಿಂದಲೇ ಅದು ಹೊರಗೆ ಹೋಗಲಾರದು. ಒಳಗಿನ ಗಾಳಿ ಏರುತ್ತ ಹೋಗುತ್ತದೆ. ಮಂಕು ಕರಿ ಮೇಲ್ಮೈ ತನ್ನ ಮೇಲೆ ಬಿದ್ದ ಬಿಸಿಲಿನ ಹತ್ತು ಪಾಲಿನಲ್ಲಿ ಒಂಬತ್ತನ್ನು ನುಂಗುತ್ತದೆ. ತಿಳಿ ಬಣ್ಣದ್ದು ಒಂದಷ್ಟನ್ನು ತಿರುಗಿ ಗಾಜಿನಾಚೆಗೇ ಎಸೆಯುತ್ತದೆ.

2018ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ನಮ್ಮ ಹಾಗೆಯೇ ಒಣ ಬಿಸಿಲಿನ ಜಾಗದಲ್ಲಿ, ಕಾರುಗಳನ್ನು ಒಂದು ತಾಸು ಬಿಸಿಲಿಗೆ ನಿಲ್ಲಿಸಿ ಅಳೆದರು. ಡ್ಯಾಶ್‌ಬೋರ್ಡಿನ ಬಿಸಿ ಸರಾಸರಿ 69 ಡಿಗ್ರಿ ಸೆಲ್ಸಿಯಸ್, ಸ್ಟೀರಿಂಗ್ 53, ಸೀಟು 51. ಪಕ್ಕದಲ್ಲೇ ನೆರಳಿಗೆ ನಿಲ್ಲಿಸಿದ ಕಾರಿನಲ್ಲಿ ಡ್ಯಾಶ್‌ಬೋರ್ಡು 48, ಸ್ಟೀರಿಂಗ್ 42, ಸೀಟು 41. ಈ ಎರಡು ಸಾಲು ಅಂಕಿಗಳನ್ನು ಮನಸ್ಸಿನಲ್ಲಿಡಿ. ನೆರಳೊಂದೇ ಡ್ಯಾಶ್‌ಬೋರ್ಡಿನ ಬಿಸಿಯನ್ನು 20 ಡಿಗ್ರಿಗೂ ಹೆಚ್ಚು ಇಳಿಸಿತು. ಇನ್ನೊಂದು ಅಳತೆ 2011ರಲ್ಲಿ ಪ್ರಕಟವಾದದ್ದು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಹೊರಗೆ ಕರಿ ಬಣ್ಣದ ಒಂದು ಹೋಂಡಾ ಸಿವಿಕ್, ಬೆಳ್ಳಿ ಬಣ್ಣದ ಇನ್ನೊಂದು ಸಿವಿಕ್ ಎರಡನ್ನೂ ಜೊತೆಯಾಗಿ ಬಿಸಿಲಿಗಿಟ್ಟರು. ಒಳಗಿನ ಗಾಳಿಯಲ್ಲಿ ಕಂಡ ವ್ಯತ್ಯಾಸ ಐದಾರು ಡಿಗ್ರಿ.

ಹಾಗಾದರೆ ಬಣ್ಣಕ್ಕಿಂತ ನೆರಳು ದೊಡ್ಡದು. ಬಣ್ಣದ ಬಗ್ಗೆ ಮಾತಾಡಲು ಬಂದವನು ಇದನ್ನು ಮೊದಲೇ ಹೇಳಿಬಿಡಬೇಕು. ಬೇವಿನ ಮರ ಇರುವ ಮನೆಯವರು ಯಾವ ಬಣ್ಣ ತಂದರೂ ಬದುಕಿಕೊಳ್ಳುತ್ತಾರೆ. ಆದರೆ ಆದೋನಿಯ ಮಾರ್ಕೆಟ್ ಯಾರ್ಡಿನ ಮುಂದೆ, ಮೇ ತಿಂಗಳ ಮಧ್ಯಾಹ್ನ, ಹತ್ತಿಯ ದರ ಏನಾಯಿತೆಂದು ಕಾಯುತ್ತ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿದವನಿಗೆ ಬೇವಿನ ಮರ ಎಲ್ಲಿಂದ ಬರಬೇಕು? ಅವನಿಗೆ ಸೀಟಿನ ಬಣ್ಣವೇ ಗತಿ.

ಬಣ್ಣದ ಜೊತೆಗೆ ಬಟ್ಟೆಯೂ ಸೇರುತ್ತದೆ. ಕರಿ ನೂಲಿನ ಬಟ್ಟೆಯ ಸೀಟು ಮತ್ತು ಕಂದು ರೆಕ್ಸಿನ್ ಸೀಟು, ಎರಡೂ ಸಮ ಬಿಸಿಯಾಗಿದ್ದರೂ ರೆಕ್ಸಿನ್ನೇ ಹೆಚ್ಚು ಸುಡುತ್ತದೆ. ಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ, ಮೈಗೆ ತಾಗುವ ಜಾಗ ಕಡಿಮೆ. ರೆಕ್ಸಿನ್ ನುಣುಪು, ಅಂಗೈಯಷ್ಟು ಜಾಗ ಪೂರಾ ಮೈಗೆ ಅಂಟಿ ಒಂದೇ ಸಲಕ್ಕೆ ಶಾಖ ಕೊಡುತ್ತದೆ. ಈಗಿನ ಕಾರುಗಳಲ್ಲಿ ಲೆದರೆಟ್ ಎಂದು ಹೊಗಳಿ ಮಾರುವುದೂ ಜಾತಿಯಲ್ಲಿ ರೆಕ್ಸಿನ್ನಿನ ನೆಂಟನೇ. ಹೆಚ್ಚು ದುಡ್ಡು ಕೊಟ್ಟು ಮೇಲಿನ ಮಾಡೆಲ್ ತೆಗೆದುಕೊಂಡವರಿಗೆ ಹೆಚ್ಚು ಸುಡುವ ಸೀಟು ಸಿಗುತ್ತದೆ. ಸೀಟಿನೊಳಗಿಂದ ಗಾಳಿ ಬಿಡುವ ಏರ್ಪಾಟನ್ನು ಅದೇ ಮೇಲಿನ ಮಾಡೆಲಿಗೆ ಸೇರಿಸಿ ಅದಕ್ಕೂ ದುಡ್ಡು ತೆಗೆದುಕೊಳ್ಳುತ್ತಾರೆ. ವ್ಯಾಪಾರ ಅಂದರೆ ಹೀಗಿರಬೇಕು.

ಹಳೆಯ ಕಾಲದ ಶ್ರೀಮಂತರು ಇದನ್ನು ಬಲ್ಲವರಾಗಿದ್ದರು. ಮೊದಲ ತಲೆಮಾರಿನ ದೊಡ್ಡ ಕಾರುಗಳಲ್ಲಿ ಚರ್ಮದ ಸೀಟು ಇದ್ದದ್ದು ಮುಂದೆ, ಡ್ರೈವರಿಗೆ. ಮಳೆ, ಗಾಳಿ, ಧೂಳು ತಡೆದುಕೊಳ್ಳುವುದು ಚರ್ಮ ಎಂದು. ಹಿಂದೆ ಕೂಡುವ ಯಜಮಾನನಿಗೆ ಮೆತ್ತನೆಯ ಉಣ್ಣೆ ಬಟ್ಟೆ. ಚರ್ಮ ಆಳಿಗೆ, ಬಟ್ಟೆ ಅರಸನಿಗೆ. ಈಗ ಅದು ತಲೆಕೆಳಗಾಗಿದೆ. ಹಳೆಯ ಗಾಡಿಗಳ ಒಳಗನ್ನು ಕಣ್ಣಾರೆ ನೋಡಬೇಕು ಅನ್ನುವವರು ಧರ್ಮಸ್ಥಳಕ್ಕೆ ಹೋದಾಗ ಅಲ್ಲಿಯ ಕಾರುಗಳ ಸಂಗ್ರಹಾಲಯಕ್ಕೆ ಒಂದು ತಾಸು ಕೊಡಿ. ಎಲ್ಲರೂ ಬಾನೆಟ್ಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೀವು ಕಿಟಕಿಯಿಂದ ಒಳಗೆ ಬಗ್ಗಿ ನೋಡಿ.

ನಮ್ಮ ಕಾಲಕ್ಕೆ ಬಂದರೆ ಅಂಬಾಸಿಡರ್. 2014ರಲ್ಲಿ ಅದರ ತಯಾರಿಕೆ ನಿಂತಿತು. ತಹಶೀಲ್ದಾರರು, ಕಲೆಕ್ಟರು ಬರುತ್ತಿದ್ದ ಬಿಳಿ ಅಂಬಾಸಿಡರಿನ ಹಿಂದಿನ ಸೀಟಿನ ಮೇಲೆ ಬಿಳಿ ಟವೆಲ್ ಹಾಸಿರುತ್ತಿತ್ತು. ಅದನ್ನು ಅಧಿಕಾರದ ಗುರುತು ಎಂದು ನಾವು ತಿಳಿದಿದ್ದೆವು. ಗುರುತು ನಿಜ, ಅದರೊಳಗೆ ಉಪಾಯವೂ ಇತ್ತು. ಕೆಳಗಿನ ರೆಕ್ಸಿನ್ ಸುಡದಂತೆ, ಬೆವರು ಅಂಟದಂತೆ, ತಲೆಯ ಎಣ್ಣೆ ಹತ್ತದಂತೆ, ದಿನ ಬಿಟ್ಟು ದಿನ ಒಗೆದು ಹಾಕುವಂತೆ ಆ ಬಿಳಿ ಟವೆಲ್. ತಿಳಿ ಬಣ್ಣ, ನೂಲಿನ ಬಟ್ಟೆ, ಒಗೆಯಲು ಬರುವಂಥದ್ದು. ಬಿಡದಿಯಲ್ಲಿ ತಯಾರಾಗಿ ಬಂದ ಇನ್ನೋವಾವನ್ನು ಬಾಡಿಗೆಗೆ ಓಡಿಸುವವರು ಇವತ್ತಿಗೂ ಮೊದಲು ಹಾಕಿಸುವುದು ಅದನ್ನೇ. ನಮ್ಮ ಪಕ್ಕದ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘ ಇದೆ. ಆದೋನಿಯ ಜಮಖಾನೆಗೂ ಒಂದು ಕಾಲಕ್ಕೆ ಹೆಸರಿತ್ತು. ಹತ್ತಿ ಬೆಳೆಯುವ, ಹಿಂಜುವ, ನೇಯುವ ಸೀಮೆ ನಮ್ಮದು. ಹೀಗಿದ್ದೂ ಹತ್ತಿಯ ಹಾಸಿನ ಮೇಲೆ ಕೂಡುವುದು ಬಿಟ್ಟು ಪೆಟ್ರೋಲಿಯಂನಿಂದ ಮಾಡಿದ ಚರ್ಮದ ಮೇಲೆ ಕೂಡುವ ಹಂಬಲ ಯಾಕೆ ಬಂತೋ ನಾ ಕಾಣೆ.

ಈಗ ಧೂಳಿನ ವಿಷಯ. ಇಲ್ಲಿ ಎಲ್ಲರೂ ಒಂದು ತಪ್ಪು ಲೆಕ್ಕ ಹಾಕುತ್ತಾರೆ. ಕರಿ ಬಣ್ಣದಲ್ಲಿ ಕೊಳೆ ಕಾಣುವುದಿಲ್ಲ, ತಿಳಿ ಬಣ್ಣದಲ್ಲಿ ಕಾಣುತ್ತದೆ ಎಂದು. ಯಾವ ಕೊಳೆ ಎಂದು ಕೇಳುವುದಿಲ್ಲ. ಕೋಸಗಿ, ಕೌತಾಳ, ಹೊಳಗುಂದ ಕಡೆಯ ಎರೆ ಹೊಲದ ಮಣ್ಣು ಹಸಿ ಇದ್ದಾಗ ಕಾಡಿಗೆಯಷ್ಟು ಕರಿ. ಒಣಗಿ ಧೂಳಾಗಿ ಗಾಡಿಯೊಳಗೆ ಬರುವ ಹೊತ್ತಿಗೆ ಅದು ಬೂದಿಯ ಬಣ್ಣ. ಮಸಾರಿ ನೆಲದ ಧೂಳು ನಸುಗೆಂಪು. ಎರಡೂ ಕರಿ ಡ್ಯಾಶ್‌ಬೋರ್ಡಿನ ಮೇಲೆ ಕೂತರೆ ಬೆರಳಿನಿಂದ ಹೆಸರು ಬರೆಯಬಹುದು. ಬೆಳಿಗ್ಗೆ ಒರೆಸಿ ಹೊರಟರೆ ಮಂತ್ರಾಲಯ ರೋಡ್ ಸ್ಟೇಷನ್ ಮುಟ್ಟುವ ಹೊತ್ತಿಗೆ ಮತ್ತೆ ಬೂದಿ. ಅದೇ ಧೂಳು ಬಿಸ್ಕತ್ತಿನ ಬಣ್ಣದ ಸೀಟಿನ ಮೇಲೆ ಕೂತರೆ ಕೂತಿದೆ ಎಂದೇ ಗೊತ್ತಾಗುವುದಿಲ್ಲ. ಇನ್ನು ಆದೋನಿಯ ಜಿನ್ನಿಂಗ್ ಕಾರ್ಖಾನೆಗಳ ಬೀದಿಯಲ್ಲಿ ಓಡಾಡುವವರ ಕಥೆ ಬೇರೆ. ಕಿಟಕಿ ಇಳಿಸಿದರೆ ಸಾಕು, ಗಾಳಿಯಲ್ಲಿ ತೇಲುವ ಅರಳೆಯ ಎಳೆ ಬಂದು ಕರಿ ಬಟ್ಟೆಯ ಸೀಟಿಗೆ ಅಂಟುತ್ತದೆ. ಕೈಯಿಂದ ಒರೆಸಿದರೆ ಹೋಗುವುದಿಲ್ಲ, ಒಂದೊಂದೇ ಕೀಳಬೇಕು. ಹತ್ತಿ ವ್ಯಾಪಾರದವನು ಕರಿ ವೆಲ್ವೆಟ್ ಸೀಟು ಹಾಕಿಸಿದ್ದನ್ನು ನೋಡಿದರೆ ನನಗೆ ನಗು ಬರುತ್ತದೆ.

ತಿಳಿ ಬಣ್ಣಕ್ಕೆ ಶತ್ರುಗಳು ಬೇರೆ. ಹಸಿ ಎರೆಮಣ್ಣು, ಎಣ್ಣೆ ಹಚ್ಚಿದ ತಲೆ, ಎಲೆಅಡಿಕೆಯ ಬಾಯಿ, ಅರಿಶಿನ ಕುಂಕುಮ. ಶ್ರಾವಣದಲ್ಲಿ ಉರುಕುಂದಕ್ಕೆ ಹೋಗಿ ಬಂದ ಬೀಜ್ ಬಣ್ಣದ ಕಾರಿನ ಒಳಗನ್ನು ನೋಡಿ. ಕಾಯಿ ನೀರು, ಭಂಡಾರ, ಹೂವಿನ ರಸ, ಎಲ್ಲದರ ಗುರುತು ಸೀಟಿನ ಮೇಲೆ. ಅರಿಶಿನದ ಕಲೆಯಂತೂ ಸೋಪಿಗೆ ಬಗ್ಗುವುದಿಲ್ಲ, ಬಿಸಿಲಿಗೆ ಮಾತ್ರ ಮೆಲ್ಲಗೆ ತೆಳುವಾಗುತ್ತದೆ. ಹೊಸ ಜೀನ್ಸ್ ಪ್ಯಾಂಟಿನ ನೀಲಿಯೂ ಬೆವರಿನ ಜೊತೆ ಇಳಿದು ತಿಳಿ ಲೆದರೆಟ್ಟಿಗೆ ಹತ್ತುತ್ತದೆ. ಹುಡುಗರಿದ್ದ ಮನೆಯವರು ಇದನ್ನು ಮರೆಯಬೇಡಿ.

ಆದೋನಿಯಲ್ಲಿ ಕುಶನ್ ಕೆಲಸದವರ ಅಂಗಡಿಗೆ ಹೋಗಿ ಅರ್ಧ ಮಧ್ಯಾಹ್ನ ಕೂತರೆ ಈ ಎಲ್ಲ ತಿಳಿವಳಿಕೆ ಪುಕ್ಕಟೆ ಸಿಗುತ್ತದೆ. ಅಂಗಡಿ ಅಂದರೆ ಮುಂದೆ ಒಂದು ತಗಡಿನ ಚಪ್ಪರ. ಅದರ ಕೆಳಗೆ ಸೀಟು ಬಿಚ್ಚಿ ನೆಲದ ಮೇಲೆ ಮಲಗಿಸಿದ ಒಂದು ಆಟೊ. ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು: ಕೆಂಪು, ಗಿಳಿಹಸಿರು, ನೀಲಿ, ಮರೂನ್, ಹುಲಿಪಟ್ಟೆ. ಮೂಲೆಯಲ್ಲಿ ಹಳದಿ ಫೋಮಿನ ಹಲಗೆಗಳು. ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ನು. ಸೀಮೆಸುಣ್ಣದಿಂದ ರೆಕ್ಸಿನ್ನಿನ ಹಿಂದುಗಡೆ ಗೆರೆ ಎಳೆದು, ಕತ್ತರಿ ಬಿಟ್ಟು, ಎರಡು ತುಂಡು ಕೂಡುವ ಅಂಚಿಗೆ ಬೇರೆ ಬಣ್ಣದ ಪೈಪಿಂಗ್ ಇಟ್ಟು ಹೊಲಿಯುತ್ತಾರೆ. ಆಟೊದವರದು ಧೈರ್ಯದ ಆಯ್ಕೆ. ಕೆಂಪು ಸೀಟಿಗೆ ಹಳದಿ ಪೈಪಿಂಗು, ಬೆನ್ನಿಗೆ ನವಿಲು, ಮೇಲ್ಚಾವಣಿಗೆ ಸಿನಿಮಾ ನಟ. ಕಾರಿನವರು ಬಂದು ಹದಿನೆಂಟು ತುಂಡಿನ ಸ್ಯಾಂಪಲ್ ಪುಸ್ತಕ ತಿರುವಿ ಹಾಕಿ ಕೊನೆಗೆ ಕರಿಯದಕ್ಕೇ ಬೆರಳಿಡುತ್ತಾರೆ. ಒಬ್ಬ ಕುಶನ್ ಮೇಸ್ತ್ರಿ ಅಂಥವರಿಗೆ ಕೇಳುವ ಪ್ರಶ್ನೆ ನನಗೆ ಬಹಳ ಹಿಡಿಸಿತು: “ಅಣ್ಣಾ, ಈ ಗಾಡಿ ಹೊಲಕ್ಕೆ ಹೊಕ್ಕೈತೋ, ಬರೇ ಮಂತ್ರಾಲಯಕ್ಕೆ ಹೋಗಿ ಬರ್ತೈತೋ?” ಹೊಲಕ್ಕೆ ಹೋಗುವುದಾದರೆ ಅವನು ಕರಿಯನ್ನೂ ಕೊಡುವುದಿಲ್ಲ, ಕ್ರೀಮನ್ನೂ ಕೊಡುವುದಿಲ್ಲ. ಬೆಲ್ಲದ ಬಣ್ಣದ ಒಂದು ಸುರುಳಿ ಎಳೆದು ಮುಂದಿಡುತ್ತಾನೆ. “ಇದರ ಮ್ಯಾಗ ಮಣ್ಣೂ ಕಾಣಂಗಿಲ್ಲ, ಧೂಳೂ ಕಾಣಂಗಿಲ್ಲ. ಮನಿ ಹೆಣ್ಮಕ್ಕಳು ಕುಂತು ಎದ್ರ ಸೀರಿಗೂ ಏನೂ ಹತ್ತಂಗಿಲ್ಲ” ಅನ್ನುತ್ತಾನೆ.

ಬೆಲ್ಲದ ಬಣ್ಣ, ಬೂದಿ ಬಣ್ಣ, ತೊಗಲಿನ ಕಂದು, ಒಣ ಹುಲ್ಲಿನ ಬಣ್ಣ. ನಡುವಿನ ಈ ಬಣ್ಣಗಳಿಗೆ ಶೋರೂಮಿನ ದೀಪದಲ್ಲಿ ಮೆರುಗಿಲ್ಲ. ಫೋಟೊದಲ್ಲೂ ಎದ್ದು ಕಾಣುವುದಿಲ್ಲ. ಆದರೆ ಬಿಸಿಲನ್ನು ಕರಿಯಷ್ಟು ಕುಡಿಯುವುದಿಲ್ಲ, ಕಲೆಯನ್ನು ಬಿಳಿಯಷ್ಟು ತೋರಿಸುವುದಿಲ್ಲ. ನಮ್ಮ ಅಜ್ಜಂದಿರು ಕಮಾನು ಬಂಡಿ ಕಟ್ಟಿ ಜಾತ್ರೆಗೆ ಹೊರಡುವಾಗ ಕೆಳಗೆ ಹುಲ್ಲು ಹಾಸಿ ಮೇಲೆ ಕೌದಿ ಹಾಕುತ್ತಿದ್ದರು. ಹಳೆ ಸೀರೆ, ಪಂಚೆಯ ತುಂಡು ಸೇರಿಸಿ ಹೊಲಿದ ಕೌದಿ ಯಾವ ಕೊಳೆಗೂ ಅಂಜುತ್ತಿರಲಿಲ್ಲ.

ಸೀಟಿನ ಮಾತಾಯಿತು. ಡ್ಯಾಶ್‌ಬೋರ್ಡಿಗೆ ಬಂದರೆ ನಾನು ಈವರೆಗೆ ಹೇಳಿದ್ದನ್ನೆಲ್ಲ ತಿರುಗಿಸಿ ಹೇಳಬೇಕಾಗುತ್ತದೆ. ಅಲ್ಲಿ ತಿಳಿ ಬಣ್ಣ ಬೇಡ. ಬಿಸಿಲು ಅದರ ಮೇಲೆಯೇ ಹೆಚ್ಚು ಬೀಳುತ್ತದಲ್ಲ, ಅದೇ ಹೆಚ್ಚು ಕಾಯುತ್ತದಲ್ಲ, ಹಾಗಿದ್ದರೂ ಬೇಡ. ಕಾರಣ ಕಣ್ಣು. ಮುಂದಿನ ಗಾಜು ಈಗಿನ ಕಾರುಗಳಲ್ಲಿ ಬಹಳ ಓರೆಯಾಗಿರುತ್ತದೆ. ಡ್ಯಾಶ್‌ಬೋರ್ಡಿನ ಮೇಲುಭಾಗ ಆ ಗಾಜಿನಲ್ಲಿ ಮೂಡಿ ರಸ್ತೆಯ ಮೇಲೆ ತೆಳ್ಳನೆಯ ಪರದೆ ಹಾಸಿದ ಹಾಗಾಗುತ್ತದೆ. ಬೇಕಾದರೆ ಪರೀಕ್ಷೆ ಮಾಡಿ. ಮಧ್ಯಾಹ್ನ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಮೇಲೆ ಒಂದು ಬಿಳಿ ಕರ್ಚೀಫು ಹರವಿ ಮುಂದೆ ನೋಡಿ. ಗಾಜಿನಲ್ಲಿ ಕರ್ಚೀಫು ತೇಲುತ್ತಿರುತ್ತದೆ. ಅದರ ಹಿಂದೆ ಇರುವ ಎತ್ತಿನ ಬಂಡಿ, ಸೈಕಲ್ಲು, ರಸ್ತೆ ದಾಟುವ ಕುರಿ ಮಸುಕಾಗುತ್ತವೆ. ಕರ್ಚೀಫು ತೆಗೆದರೆ ಮತ್ತೆ ಸ್ಪಷ್ಟ. ಒಳಗೆಲ್ಲ ಬೀಜ್ ಮಾಡುವ ಕಂಪನಿಗಳೂ ಡ್ಯಾಶ್‌ಬೋರ್ಡಿನ ಮೇಲುಭಾಗವನ್ನು ಮಾತ್ರ ಕರಿಯೋ ಕಡುಬೂದಿಯೋ, ಅದೂ ಹೊಳಪಿಲ್ಲದ್ದು ಮಾಡುವುದು ಈ ಕಾರಣಕ್ಕೆ. ಅದು ಅಂದಕ್ಕೆ ಮಾಡಿದ ಎರಡು ಬಣ್ಣವಲ್ಲ.

ನಮ್ಮವರು ಏನು ಮಾಡುತ್ತಾರೆ? ಆ ಮಂಕು ಕರಿಯ ಮೇಲೆ ಬೆಳ್ಳನೆಯ ತುಪ್ಪಳದ ಹಾಸು ಹಾಕುತ್ತಾರೆ. ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಮಾಲೆ, ತಿರುಪತಿಯ ಫೋಟೊ, ರಾಯರ ಬೃಂದಾವನ, ಅತ್ತರಿನ ಶೀಶೆ. ದೇವರನ್ನು ಇಡಬೇಡಿ ಎನ್ನುವುದಿಲ್ಲ, ಚಿಕ್ಕದಾಗಿ, ಕೆಳಗೆ, ಕಣ್ಣಿಗೆ ಅಡ್ಡ ಬಾರದ ಕಡೆ ಇಡಿ. ಆ ಬಿಳಿ ತುಪ್ಪಳವನ್ನಂತೂ ಇವತ್ತೇ ತೆಗೆಯಿರಿ. ಇನ್ನೊಂದು, ಸರ್ವೀಸಿಗೆ ಬಿಟ್ಟಾಗ ಹುಡುಗರು ಡ್ಯಾಶ್‌ಬೋರ್ಡಿಗೆ ಮಿರಿಮಿರಿ ಹೊಳೆಯುವ ಪಾಲಿಶ್ ಹಚ್ಚಿ ಕೊಡುತ್ತಾರೆ. ನೋಡಲು ಚೆಂದ. ಬಿಸಿಲಿಗೆ ಬಂದ ಕೂಡಲೇ ಅದೂ ಗಾಜಿನಲ್ಲಿ ಹೊಳೆಯುತ್ತದೆ, ಧೂಳನ್ನೂ ಹಿಡಿದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಡಿ ಸಾಕು ಎಂದು ಮೊದಲೇ ಹೇಳಬೇಕು.

ಕಾಲಿನ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಮಣ್ಣೇ ಯಜಮಾನ. ತಿಳಿ ಬಣ್ಣದ ಕಾರ್ಪೆಟ್ಟಿದ್ದರೆ ಅದು ಮೊದಲ ಮಳೆಗಾಲದವರೆಗೆ ಮಾತ್ರ. ಅಂಚು ಎತ್ತರಿಸಿದ ರಬ್ಬರ್ ಮ್ಯಾಟ್ ಹಾಕಿಸಿ, ಎತ್ತಿ ಹೊರಗೆ ಕೊಡವಿದರೆ ಮುಗಿಯಿತು. ಮೇಲ್ಚಾವಣಿ ಮಾತ್ರ ತಿಳಿ ಬಣ್ಣದ್ದೇ ಇರಲಿ. ಒಳಗೆ ಬೆಳಕು ಹರಡುತ್ತದೆ, ಜಾಗ ದೊಡ್ಡದಾಗಿ ಕಾಣುತ್ತದೆ, ಹಿಂದೆ ಕೂತ ವಯಸ್ಸಾದವರಿಗೆ ಉಸಿರು ಕಟ್ಟಿದ ಹಾಗಾಗುವುದಿಲ್ಲ. ಈಗ ಚಾವಣಿಯನ್ನೂ ಕರಿ ಮಾಡಿ, ಅದಕ್ಕೆ ಗಾಜಿನ ಕಿಂಡಿ ಕೊರೆದು, ಸನ್‌ರೂಫ್ ಎಂದು ಲಕ್ಷದ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕೂ ಕಡೆಯಿಂದ ಬರುವ ಬಿಸಿಲು ಸಾಲದೆಂದು ನೆತ್ತಿಯ ಮೇಲಿಂದಲೂ ತರಿಸಿಕೊಳ್ಳಲು ಕೋಸಗಿಯವರಿಗೆ ಯಾಕೆ ಆಸೆ ಹುಟ್ಟಿತೋ!

ಸೆಕೆಂಡ್ ಹ್ಯಾಂಡ್ ಗಾಡಿಯ ಮಾತೂ ಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಮಂದಿ ತರುವುದು ಅದನ್ನೇ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುವ ಮಗ, ಅಳಿಯ ನೋಡಿ ಕೊಡಿಸುತ್ತಾರೆ. ಒಳಗಿನ ಬಣ್ಣವನ್ನು ಆಗ ನಾವು ಆರಿಸುವುದಿಲ್ಲ, ಮೊದಲಿನವನು ಆರಿಸಿರುತ್ತಾನೆ. ಆದರೆ ಆ ಬಣ್ಣ ನಮಗೆ ಗಾಡಿಯ ಜಾತಕ ಹೇಳುತ್ತದೆ. ಕರಿ ಪ್ಲಾಸ್ಟಿಕ್ಕು ಒಂದು ಬದಿಗೆ ಮಾತ್ರ ಬೂದಿಗಟ್ಟಿದ್ದರೆ ಗಾಡಿ ವರ್ಷಗಟ್ಟಲೆ ಬಯಲಿನಲ್ಲಿ, ಒಂದೇ ದಿಕ್ಕಿಗೆ ನಿಂತಿತ್ತು ಎಂದು ತಿಳಿಯಿರಿ. ಬೀಜ್ ಸೀಟಿನ ಕಾಲಿನ ಹತ್ತಿರ, ಕಾರ್ಪೆಟ್ಟಿನ ಅಂಚಿನಲ್ಲಿ ಕಂದು ನೀರಿನ ಗೆರೆ ಇದ್ದರೆ ಗಾಡಿಯೊಳಗೆ ನೀರು ನಿಂತಿತ್ತೋ ಏನೋ ಎಂದು ಅನುಮಾನಪಡಿ. ಸೀಟ್ ಬೆಲ್ಟನ್ನು ಪೂರಾ ಎಳೆದು ಅದರ ಬುಡದ ಬಣ್ಣವನ್ನೂ ನೋಡಿ. ಸೀಟಿನ ಹೊಲಿಗೆ ಹೊಸದು, ಸ್ಟೀರಿಂಗ್ ಮಾತ್ರ ಸವೆದು ನುಣ್ಣಗಾಗಿದ್ದರೆ ಮೀಟರಿನ ಕಿಲೋಮೀಟರನ್ನು ನಂಬುವ ಮುಂಚೆ ಇನ್ನೊಬ್ಬರನ್ನು ಕೇಳಿ.

ಹೊಸದು ಕೊಳ್ಳುವಾಗ ಬಣ್ಣ ನಮ್ಮ ಕೈಯಲ್ಲಿದೆ ಎಂದು ತಿಳಿದಿದ್ದೇವೆ, ಅದು ಅರ್ಧ ನಿಜ. ಒಳಗಿನ ಬಣ್ಣವನ್ನು ಕಂಪನಿಗಳು ಮಾಡೆಲಿಗೆ ಕಟ್ಟಿರುತ್ತವೆ. ಈ ಮಾಡೆಲಿಗೆ ಇದೇ ಬಣ್ಣ, ಬೇರೆ ಬೇಕಾದರೆ ಮೇಲಿನದಕ್ಕೆ ಹೋಗಿ ಎನ್ನುತ್ತಾರೆ. ಕೆಲವೊಮ್ಮೆ ಹೊರಗೆ ಬಿಳಿ ತೆಗೆದುಕೊಂಡರೆ ಮಾತ್ರ ಒಳಗೆ ಇಂಥದ್ದು ಎಂಬ ಗಂಟೂ ಇರುತ್ತದೆ. ಅದಕ್ಕೆ ಹೊರಗಿನ ಬಣ್ಣ ಹೇಳುವ ಮುಂಚೆಯೇ ಒಳಗಿನದನ್ನು ಕೇಳಿ. ಟೆಸ್ಟ್ ಡ್ರೈವ್ ಗಾಡಿಯನ್ನು ಬೆಳಿಗ್ಗೆ ಹತ್ತಕ್ಕೆ ಬೇಡ, ಮಧ್ಯಾಹ್ನ ಎರಡಕ್ಕೆ ಕೇಳಿ. ಅರ್ಧ ತಾಸು ಬಯಲಿನಲ್ಲಿ ನಿಲ್ಲಿಸಿ ಆಮೇಲೆ ಬಾಗಿಲು ತೆಗೆಯಿರಿ. ಮನೆಯ ಹೆಂಗಸರು, ಮಕ್ಕಳು, ಮುದುಕರು ಜೊತೆಗಿರಲಿ. ಮುಂಗೈ ಸೀಟಿಗೆ ಇಟ್ಟು ನೋಡಲಿ, ಬೆಲ್ಟಿನ ಕಬ್ಬಿಣ ಮುಟ್ಟಿ ನೋಡಲಿ. ಮಾರುವ ಹುಡುಗ ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ, ಆ ಸೀಟಿನಲ್ಲಿ ಹತ್ತು ವರ್ಷ ಕೂಡುವವನು ಅವನಲ್ಲ. ಹಾಗೆಯೇ, ಯಾವ ಬಣ್ಣದ ಗಾಡಿಯೇ ಆಗಲಿ, ನೆರಳಿನಲ್ಲಿ ಇದೆಯಲ್ಲ ಎಂದು ಮಗುವನ್ನು ಒಳಗೆ ಬಿಟ್ಟು ಗಾಜು ಏರಿಸಿ ಅಂಗಡಿಗೆ ಹೋಗಬೇಡಿ. ಅರಿಜೋನಾದಲ್ಲಿ ನೆರಳಿಗೆ ನಿಂತ ಕಾರಿನ ಸೀಟೂ 41 ಡಿಗ್ರಿ ಕಾದಿತ್ತು ಎಂದು ಆಗಲೇ ಹೇಳಿದೆ.

ಬೇಕಾದ ಬಣ್ಣ ಸಿಗದಿದ್ದರೆ ಆದೋನಿಯ ಕುಶನ್ ಅಂಗಡಿ ಇದ್ದೇ ಇದೆ. ಹೋಗುವ ಮುಂಚೆ ಒಂದನ್ನು ನೋಡಿಕೊಳ್ಳಿ. 2019ರಿಂದ ಹೊಸ ಕಾರುಗಳಲ್ಲಿ ಡ್ರೈವರಿಗೆ ಏರ್‌ಬ್ಯಾಗ್ ಕಡ್ಡಾಯ, ಆಮೇಲೆ ಪಕ್ಕದವರಿಗೂ ಆಯಿತು. ಇವು ಇರುವುದು ಸ್ಟೀರಿಂಗ್ ಮತ್ತು ಡ್ಯಾಶ್‌ಬೋರ್ಡಿನಲ್ಲಿ. ಈಗ ಬರುವ ಅನೇಕ ಗಾಡಿಗಳಲ್ಲಿ ಇವಲ್ಲದೆ ಮುಂದಿನ ಸೀಟಿನ ಪಕ್ಕೆಯೊಳಗೂ ಒಂದು ಚೀಲ ಮಡಚಿಟ್ಟಿರುತ್ತಾರೆ. ಬಾಗಿಲಿನ ಕಡೆಯ ಅಂಚಿನಲ್ಲಿ ‘ಏರ್‌ಬ್ಯಾಗ್’ ಎಂದು ಬರೆದ ಚಿಕ್ಕ ಚೀಟಿ ಹೊಲಿದಿರುತ್ತದೆ. ಅಪಘಾತವಾದಾಗ ಅದು ಸೀಟಿನ ಹೊಲಿಗೆ ಹರಿದು ಹೊರಗೆ ಬರಬೇಕು. ಅದರ ಮೇಲೆ ದಪ್ಪ ರೆಕ್ಸಿನ್ ಬಿಗಿದು, ನೈಲಾನ್ ದಾರದಲ್ಲಿ ಎರಡು ಸುತ್ತು ಹೊಲಿದರೆ ಚೀಲ ಒಳಗೇ ಉಳಿಯುತ್ತದೆ. ಆ ಚೀಟಿಯನ್ನು ಮೇಸ್ತ್ರಿಗೆ ತೋರಿಸಿ, ಆ ಪಕ್ಕೆಯನ್ನು ಮುಚ್ಚದೆ ತೆರೆದು ಬಿಡು ಎಂದು ಹೇಳಿ. ತಿಳಿಯದಿದ್ದರೆ ಕವರ್ ಹಾಕಿಸುವುದನ್ನೇ ಬಿಟ್ಟು, ಎಮ್ಮಿಗನೂರಿನ ಎರಡು ಟವೆಲ್ ತಂದು ಕೂಡುವ ಜಾಗಕ್ಕೆ ಹಾಸಿಕೊಳ್ಳಿ.